ಎಂ8 ಟ್ಯಾಪ್‌ಗೆ ಯಾವ ಡ್ರಿಲ್ ಬಿಟ್? 6.5 ಹಾಕಿದರೆ ಟ್ಯಾಪ್ ಕಚ್ಚಿಕೊಳ್ಳುತ್ತಿದೆ

ಪೆರ್ಲದ ತೋಟದವ:

ಎಲ್ಲರಿಗೂ ನಮಸ್ಕಾರ. ನಮ್ಮದು ಪೆರ್ಲದ ಹತ್ತಿರ ಅಡಿಕೆ ತೋಟ. ತೋಟದ ಯಂತ್ರಗಳ ಸಣ್ಣಪುಟ್ಟ ರಿಪೇರಿಯನ್ನು ಮನೆಯ ಪಕ್ಕದ ಶೆಡ್ಡಿನಲ್ಲಿ ನಾನೇ ಮಾಡಿಕೊಳ್ಳುತ್ತೇನೆ. ಒಂದು ಬೋಲ್ಟಿನ ಕೆಲಸಕ್ಕೆ ಪುತ್ತೂರಿಗೋ ಕಾಸರಗೋಡಿಗೋ ಹೋದರೆ ಅರ್ಧ ದಿನ ಕಳೆಯುತ್ತದೆ. ಅಡಿಕೆ ಸುಲಿಯುವ ಸಮಯದಲ್ಲಿ ಅಷ್ಟು ಪುರುಸೊತ್ತು ಯಾರಿಗುಂಟು?

ಈಗ ಅಡಿಕೆ ಸುಲಿಯುವ ಯಂತ್ರದ ಬೇರಿಂಗ್ ಬ್ಲಾಕ್ ಕೂರಿಸಲು 12 ಎಂ.ಎಂ. ದಪ್ಪದ ಎಂ.ಎಸ್. (ಮೆದು ಉಕ್ಕು) ಪಟ್ಟಿಯಲ್ಲಿ ಎಂ8 ಥ್ರೆಡ್, ಅಂದರೆ 8 ಎಂ.ಎಂ. ಬೋಲ್ಟ್ ಹಿಡಿಯುವ ಹಲ್ಲು ಮಾಡಬೇಕಾಗಿದೆ. ಹಿಂದುಗಡೆ ಚಾನೆಲ್ ಅಡ್ಡ ಬರುತ್ತದೆ, ನಟ್ಟು ಹಾಕಿ ಸ್ಪ್ಯಾನರ್ ತೂರಿಸಲು ಜಾಗವೇ ಇಲ್ಲ. ಹಾಗಾಗಿ ಪಟ್ಟಿಯಲ್ಲೇ ಥ್ರೆಡ್ ಆಗಬೇಕು. ನನ್ನ ಹತ್ತಿರ ಮೂರು ಟ್ಯಾಪಿನ (ತೂತಿನೊಳಗೆ ಹಲ್ಲು ಕತ್ತರಿಸುವ ಉಪಕರಣ) ಸೆಟ್ ಇದೆ, ಎಚ್.ಎಸ್.ಎಸ್. (ಹೈ ಸ್ಪೀಡ್ ಸ್ಟೀಲ್) ಎಂದು ಬರೆದಿದೆ. ಡ್ರಿಲ್ ಬಿಟ್ ಸೆಟ್ 1ರಿಂದ 13 ಎಂ.ಎಂ. ತನಕ ಇರುವ ಪೆಟ್ಟಿಗೆ. ಅದರಲ್ಲಿ 6.5 ತೆಗೆದು ತೂತು ಹೊಡೆದೆ. ಮೊದಲನೇ ಟ್ಯಾಪ್ ಎರಡು ಮೂರು ಸುತ್ತು ಸಲೀಸಾಗಿ ಹೋಯಿತು. ಆಮೇಲೆ ಬಿಗಿಯಾಗತೊಡಗಿತು. ಕೈಗೆ ಟ್ಯಾಪ್ ಸ್ಪ್ರಿಂಗಿನ ಹಾಗೆ ತಿರುಚುವುದು ಗೊತ್ತಾಗುತ್ತಿತ್ತು. ಮುಂದೆ ಒತ್ತದೆ ಅಲ್ಲಿಗೇ ಬಿಟ್ಟಿದ್ದೇನೆ. ಟ್ಯಾಪ್ ಇನ್ನೂ ತೂತಿನಲ್ಲೇ ಇದೆ.

ಕೇಳುವುದು ಇಷ್ಟು. ಯಾವ ಟ್ಯಾಪ್‌ಗೆ ಯಾವ ತೂತು ಎಂದು ಲೆಕ್ಕ ಹಾಕುವುದು ಹೇಗೆ? ಎಣ್ಣೆ ಯಾವುದು ಒಳ್ಳೆಯದು? ಟ್ಯಾಪ್ ನೆಟ್ಟಗೆ ಇಳಿಸುವುದಕ್ಕೆ ಏನಾದರೂ ಉಪಾಯ ಉಂಟಾ? ನನ್ನ ಹತ್ತಿರ ಲೇತ್ ಇಲ್ಲ. ಕೈ ಡ್ರಿಲ್ ಮತ್ತು ಒಂದು ಸಣ್ಣ ಡ್ರಿಲ್ ಸ್ಟ್ಯಾಂಡ್ ಇದೆ.

ಬದಿಯಡ್ಕ ಗ್ಯಾರೇಜ್:

ಎಂ8ಕ್ಕೆ 6.5 ಸರಿಯೇ ಅಣ್ಣ. ನಾನು ಕೆಲಸ ಕಲಿತ ಗ್ಯಾರೇಜಿನಲ್ಲಿ ಎಂಟಕ್ಕೆ ಆರೂವರೆ ಅಂತಲೇ ಹೇಳಿಕೊಟ್ಟಿದ್ದು. ಎಣ್ಣೆ ಸಾಕಾಗಿರಲಿಕ್ಕಿಲ್ಲ. ತೆಂಗಿನೆಣ್ಣೆ ಧಾರಾಳ ಹಾಕಿ, ಸ್ವಲ್ಪ ಮುಂದೆ ಸ್ವಲ್ಪ ಹಿಂದೆ ತಿರುಗಿಸುತ್ತಾ ಹೋಗಿ. ನಾವು ಹಾಗೇ ಮಾಡುವುದು.

ಹೊಸೂರು ಫಿಟ್ಟರ್:

ತೋಟದ ಅಣ್ಣ, ನೀವು ಅಲ್ಲಿಗೇ ನಿಲ್ಲಿಸಿದ್ದು ತುಂಬಾ ಒಳ್ಳೆಯದಾಯಿತು. ಟ್ಯಾಪ್ ತಿರುಚುವುದು ಕೈಗೆ ಗೊತ್ತಾಗುತ್ತಿದೆ ಅಂದರೆ ಅದು ಮುರಿಯುವುದಕ್ಕೆ ಸ್ವಲ್ಪವೇ ಬಾಕಿ. ನಿಮ್ಮ ಟ್ಯಾಪ್ ಸರಿಯಾಗಿದೆ, ತೂತು ಸಣ್ಣದಾಗಿದೆ.

ನಾನು ಹೊಸೂರು ಸಿಪ್ಕಾಟ್ ಪಕ್ಕದ ಒಂದು ಜಾಬ್ ಶಾಪಿನಲ್ಲಿ ಫಿಟ್ಟರ್. ಊರು ಬಾಗಲೂರು ಕಡೆ. ಐಟಿಐ ಮುಗಿಸಿದ ಹುಡುಗರು ನಮ್ಮಲ್ಲಿಗೆ ಸೇರಿದಾಗ ಅವರಿಗೆ ಟ್ಯಾಪಿಂಗ್ ಹೇಳಿಕೊಡುವ ಕೆಲಸ ನನ್ನದು. ಟ್ಯಾಪ್ ಕೈಗೆ ಕೊಡುವ ಮೊದಲು ನಾನು ತೂತು ಅಳೆಸುತ್ತೇನೆ. ಟ್ಯಾಪ್ ಮುರಿಯುತ್ತದೋ ಇಲ್ಲವೋ ಎಂಬುದು ಮುಕ್ಕಾಲು ಪಾಲು ಅಲ್ಲೇ ತೀರ್ಮಾನವಾಗಿರುತ್ತದೆ.

ಲೆಕ್ಕ ಸುಲಭ. ಬೋಲ್ಟಿನ ಅಳತೆಯಿಂದ ಪಿಚ್ ಕಳೆಯಿರಿ, ಅಷ್ಟೇ. ಪಿಚ್ ಅಂದರೆ ಒಂದು ಹಲ್ಲಿನಿಂದ ಪಕ್ಕದ ಹಲ್ಲಿಗೆ ಇರುವ ದೂರ. ಎಂ8ರ ಸಾಮಾನ್ಯ ಪಿಚ್ 1.25. ಎಂಟರಲ್ಲಿ ಒಂದೂಕಾಲು ಹೋದರೆ 6.75. ಅಂಗಡಿಯಲ್ಲಿ ಸಿಗುವ ಬಿಟ್ 6.8. ಎಂ6ರ ಪಿಚ್ 1, ತೂತು 5. ಎಂ10ರ ಪಿಚ್ 1.5, ತೂತು 8.5. ಎಂ12ರ ಪಿಚ್ 1.75, ತೂತು 10.2. ಸಣ್ಣದರಲ್ಲಿ ಎಂ5ಕ್ಕೆ ಪಿಚ್ 0.8, ತೂತು 4.2. ಎಂ4ಕ್ಕೆ ಪಿಚ್ 0.7, ತೂತು 3.3. ಎಂ3ಕ್ಕೆ 2.5. ಫೈನ್ ಥ್ರೆಡ್ ಇದ್ದರೂ ಇದೇ ಲೆಕ್ಕ. ಗಾಡಿಗಳಲ್ಲಿ ಬರುವ ಎಂ10 ಫೈನ್‌ಗೆ ಪಿಚ್ 1.25, ಹಾಗಾಗಿ ತೂತು 8.8. ಪಿಚ್ ಎಷ್ಟೆಂದು ಟ್ಯಾಪಿನ ಕಾಂಡದ ಮೇಲೇ ಕೆತ್ತಿರುತ್ತಾರೆ. ಎಂ8×1.25 ಅಂತ ಇರುತ್ತದೆ, ನೋಡಿಕೊಳ್ಳಿ.

ಈಗ ನಿಮ್ಮ ಪೆಟ್ಟಿಗೆಯನ್ನು ಒಮ್ಮೆ ತೆಗೆದು ನೋಡಿ. 1ರಿಂದ 13ರ ತನಕ ಅರ್ಧ ಅರ್ಧ ಎಂ.ಎಂ. ಏರಿಕೆಯಲ್ಲಿ 25 ಬಿಟ್ ಇರುತ್ತವೆ. ಮನೆಯಲ್ಲಿ ಕೆಲಸ ಮಾಡುವ ಎಲ್ಲರ ಹತ್ತಿರವೂ ಇರುವುದು ಇದೇ ಪೆಟ್ಟಿಗೆ. ಅದರಲ್ಲಿ ಎಂ6ಕ್ಕೆ ಬೇಕಾದ 5 ಇದೆ, ಎಂ10ಕ್ಕೆ ಬೇಕಾದ 8.5 ಇದೆ. ಎಂ8ಕ್ಕೆ ಬೇಕಾದ 6.8 ಇಲ್ಲ. ಎಂ4, ಎಂ5, ಎಂ12ರ ಬಿಟ್ಟುಗಳೂ ಇಲ್ಲ. ಇಲ್ಲದ್ದಕ್ಕೆ ಹತ್ತಿರದ್ದು ಅಂತ ಜನ ಒಂದು ಮೆಟ್ಟಿಲು ಕೆಳಗಿನದನ್ನು ತೆಗೆಯುತ್ತಾರೆ. ತೂತು ಸಣ್ಣದಾದರೆ ಥ್ರೆಡ್ ಗಟ್ಟಿ ಬರುತ್ತದೆ ಎಂಬ ನಂಬಿಕೆ ಬೇರೆ. ಟ್ಯಾಪ್ ಮುರಿಯುವುದು ಅಲ್ಲೇ.

ಲೆಕ್ಕ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಒಮ್ಮೆ ಇದು ಅರ್ಥವಾದರೆ ಚಾರ್ಟ್ ಇಲ್ಲದೆಯೂ ನೀವು ಸರಿಯಾದ ನಿರ್ಧಾರ ಮಾಡಬಹುದು. ಬೋಲ್ಟಿನ ಅಳತೆಯಿಂದ ಪಿಚ್ ಕಳೆದು ತೂತು ಹೊಡೆದರೆ ಪೂರ್ತಿ ಹಲ್ಲಿನ ಎತ್ತರದಲ್ಲಿ ಸುಮಾರು ಶೇಕಡಾ 77 ಸಿಗುತ್ತದೆ. ಎಂ8ಕ್ಕೆ 6.5 ಹೊಡೆದಾಗ ಅದು 92ಕ್ಕೆ ಏರುತ್ತದೆ. ಎಂ5ಕ್ಕೆ 4 ಹೊಡೆದರೆ 96. ಎಂ4ಕ್ಕೆ 3 ಹೊಡೆದರೆ ನೂರನ್ನೂ ದಾಟುತ್ತದೆ. ಅಂದರೆ ಟ್ಯಾಪಿನ ಹಲ್ಲಿನ ಬುಡವೇ ಕಬ್ಬಿಣಕ್ಕೆ ಉಜ್ಜುತ್ತದೆ, ಚಿಪ್ (ಕತ್ತರಿಸಿದ ಲೋಹದ ಚೂರು) ಹೋಗಲು ಜಾಗವೇ ಉಳಿಯುವುದಿಲ್ಲ. ಎಂ.ಎಸ್. ಮೆದು ಲೋಹ. ಟ್ಯಾಪ್ ಕತ್ತರಿಸುವಾಗ ಸ್ವಲ್ಪ ಒಳಕ್ಕೆ ಉಬ್ಬುತ್ತದೆ ಕೂಡ. ಆದ್ದರಿಂದ ತೂತು ನೀವು ಅಳೆದದ್ದಕ್ಕಿಂತ ಇನ್ನೂ ಬಿಗಿಯಾಗುತ್ತದೆ. ಸ್ಟ್ಯಾಂಡರ್ಡ್ ಪ್ರಕಾರ ಎಂ8 ನಟ್ಟಿನ ಒಳ ಅಳತೆ 6.647ರಿಂದ 6.912ರ ನಡುವೆ ಇರಬೇಕು. 6.5 ಅದಕ್ಕಿಂತ ಕೆಳಗೆ ಬಿತ್ತು.

ಇಷ್ಟು ಕಷ್ಟಪಟ್ಟರೆ ಬಲವಾದರೂ ಹೆಚ್ಚುತ್ತದಾ? ಇಲ್ಲ ಅಂತಲೇ ಹೇಳಬೇಕು. ಶೇಕಡಾ 75ರ ಥ್ರೆಡ್‌ಗಿಂತ ನೂರರ ಥ್ರೆಡ್ ಸುಮಾರು ಶೇಕಡಾ 5ರಷ್ಟು ಮಾತ್ರ ಗಟ್ಟಿ, ಆದರೆ ತಿರುಗಿಸಲು ಮೂರು ಪಟ್ಟು ಶಕ್ತಿ ಬೇಕು ಎಂಬುದು ಟೂಲ್‌ರೂಮಿನ ಹಳೆಯ ಪಾಠ. 12 ಎಂ.ಎಂ. ದಪ್ಪದ ಪಟ್ಟಿ ಎಂ8ಕ್ಕೆ ಒಂದೂವರೆ ಪಟ್ಟು ಆಳ ಕೊಡುತ್ತದೆ. ಕಬ್ಬಿಣದಲ್ಲಿ ಬೋಲ್ಟಿನ ದಪ್ಪದಷ್ಟು ಆಳವಿದ್ದರೇ ಸಾಕು. ಅಷ್ಟು ಆಳದಲ್ಲಿ ಶೇಕಡಾ 60ರ ಹಲ್ಲಿದ್ದರೂ ಮೊದಲು ತುಂಡಾಗುವುದು ಬೋಲ್ಟೇ ಹೊರತು ಥ್ರೆಡ್ ಕಿತ್ತು ಬರುವುದಿಲ್ಲ.

ಆದ್ದರಿಂದ ನಾನು ಎಲ್ಲರಿಗೂ ಹೇಳುವುದು: ಸರಿಯಾದ ಬಿಟ್ ಇಲ್ಲ ಅಂದರೆ ಒಂದು ಮೆಟ್ಟಿಲು ಮೇಲಕ್ಕೆ ಹೋಗಿ, ಕೆಳಕ್ಕೆ ಬೇಡ. ಎಂ8ಕ್ಕೆ 7 ಹೊಡೆದರೆ ಶೇಕಡಾ 62 ಸಿಗುತ್ತದೆ. ಚಾರ್ಟಿಗೆ ಸ್ವಲ್ಪ ಹೊರಗೆ, ಆದರೆ ದಪ್ಪ ಕಬ್ಬಿಣದ ಪಟ್ಟಿಯಲ್ಲಿ ಧೈರ್ಯವಾಗಿ ನಡೆಯುತ್ತದೆ. ಎಂ12ಕ್ಕೆ 10.5 ಹೊಡೆದರೆ 66, ಅದೂ ನಡೆಯುತ್ತದೆ. ಇನ್ನೂ ಒಳ್ಳೆಯದು ಅಂದರೆ 3.3, 4.2, 6.8, 10.2 ಈ ನಾಲ್ಕು ಬಿಟ್ಟುಗಳನ್ನು ಬಿಡಿಯಾಗಿ ತಂದುಬಿಡಿ. ನಿಮಗೆ ಮಂಗಳೂರಿನ ಬಂದರು ಕಡೆಯ ಟೂಲ್ಸ್ ಅಂಗಡಿಗಳಲ್ಲಿ ಸಿಗುತ್ತದೆ. ನಮ್ಮವರು ಬೆಂಗಳೂರಿನ ಎಸ್‌ಜೆಪಿ ರೋಡಿನಿಂದ ತರುತ್ತಾರೆ. ಟ್ಯಾಪ್ ಇಡುವ ಡಬ್ಬಿಯಲ್ಲೇ ಆಯಾ ಟ್ಯಾಪಿನ ಜೊತೆ ಬಿಟ್ಟನ್ನೂ ಕಟ್ಟಿಡಿ. ಹಾಗಿಟ್ಟರೆ ಅವಸರದಲ್ಲೂ ಬೇರೆ ಬಿಟ್ ಕೈಗೆ ಬರುವುದಿಲ್ಲ.

ಬದಿಯಡ್ಕದ ತಮ್ಮ, ನಿಮ್ಮ ಆರೂವರೆ ಎಲ್ಲಿಂದ ಬಂತು ಅಂತ ನನಗೆ ಗೊತ್ತು. ಅದು ಎರಡೂವರೆ ನೂಲಿನ (ಒಂದು ನೂಲು ಅಂದರೆ ಇಂಚಿನ ಎಂಟನೇ ಒಂದು ಭಾಗ) ಬೋಲ್ಟಿನ ಅಳತೆ, 5/16 ಇಂಚು ವಿಟ್‌ವರ್ತ್, ಅಂದರೆ ಬ್ರಿಟಿಷರ ಹಳೆಯ ಇಂಚಿನ ಥ್ರೆಡ್. ಅದಕ್ಕೆ 6.5 ಸರಿಯಾದ ತೂತು. ಹಳೆಯ ಗ್ಯಾರೇಜುಗಳಲ್ಲಿ ಇಂಚಿನ ಬೋಲ್ಟೇ ಓಡುತ್ತಿತ್ತು, ನಿಮಗೆ ಕಲಿಸಿದವರು ಅದನ್ನೇ ಹೇಳಿರಬೇಕು. 5/16 ಅಂದರೆ 7.94 ಎಂ.ಎಂ., ಕಣ್ಣಿಗೆ ಎಂಟೇ. ಆದರೆ ಇಂಚಿಗೆ 18 ಹಲ್ಲು, ಅಂದರೆ ಪಿಚ್ 1.41. ಹಲ್ಲಿನ ಕೋನ 55 ಡಿಗ್ರಿ. ಮೆಟ್ರಿಕ್‌ನಲ್ಲಿ ಅದು 60. ಹಲ್ಲು ಹೆಚ್ಚು ಆಳವಾದ್ದರಿಂದ ಸಣ್ಣ ತೂತು ಬೇಕು. ಎಂ8 ನಟ್ಟಿಗೆ 5/16 ಬೋಲ್ಟ್ ಕೊಟ್ಟರೆ ಒಂದೆರಡು ಸುತ್ತು ಹೋಗಿ ಕಚ್ಚಿಕೊಳ್ಳುತ್ತದೆ. ಹಳೆಯ ಪಂಪು, ಹಳೆಯ ಯಂತ್ರ ಬಿಚ್ಚಿದಾಗ ಪಿಚ್ ಗೇಜ್ (ಹಲ್ಲಿನ ಅಳತೆ ನೋಡುವ ಪಟ್ಟಿ) ಹಾಕಿ ನೋಡದೆ ಟ್ಯಾಪ್ ಎತ್ತಲೇಬೇಡಿ. ಪಕ್ಕದಲ್ಲೇ ಬರುವ ಬೇರೆ ಇಂಚಿನ ಅಳತೆಗಳನ್ನೂ ಹೇಳಿಬಿಡುತ್ತೇನೆ: ಕಾಲು ಇಂಚು ವಿಟ್‌ವರ್ತ್‌ಗೆ 5.1, ಮೂರು ನೂಲಿಗೆ 7.9, ಅರ್ಧ ಇಂಚಿಗೆ 10.5.

ಈಗ ನಿಮ್ಮ ತೂತಿನ ವಿಷಯಕ್ಕೆ. ಪಟ್ಟಿ ಹಾಳಾಗಿಲ್ಲ. ಟ್ಯಾಪ್ ಬುಡಕ್ಕೆ ಎಣ್ಣೆ ಬಿಟ್ಟು ಸ್ವಲ್ಪ ಹೊತ್ತು ಬಿಡಿ. ಹ್ಯಾಂಡಲ್‌ನ ಎರಡೂ ತುದಿ ಹಿಡಿದು ಸಮವಾಗಿ ಹಿಂದಕ್ಕೆ ತಿರುಗಿಸಿ. ಒಂದೇ ಕೈಯಲ್ಲಿ ಎಳೆದರೆ ಪಕ್ಕಕ್ಕೆ ಬಾಗಿ ಮುರಿಯುತ್ತದೆ. ಬಾರದಿದ್ದರೆ ಕೂದಲೆಳೆಯಷ್ಟು ಮುಂದೆ, ಮತ್ತೆ ಹಿಂದೆ, ಹೀಗೆ ಸಡಿಲಿಸಿ. ಹೊರಬಂದ ಮೇಲೆ ಪಟ್ಟಿಯನ್ನು ಡ್ರಿಲ್ ಸ್ಟ್ಯಾಂಡಿನಲ್ಲಿ ವೈಸಿಗೆ ಗಟ್ಟಿಯಾಗಿ ಕಟ್ಟಿ, 6.8ರಲ್ಲಿ ಅದೇ ತೂತನ್ನು ದೊಡ್ಡದು ಮಾಡಿ. ಬಿಟ್ ಇಲ್ಲದಿದ್ದರೆ 7ರಲ್ಲೇ ಮಾಡಿ. ಇಷ್ಟು ಸಣ್ಣ ಹೆಚ್ಚಳಕ್ಕೆ ಬಿಟ್ ಒಮ್ಮೆಲೇ ಕಚ್ಚಿ ಎಳೆದುಕೊಳ್ಳುವುದುಂಟು. ಕೈಯಲ್ಲಿ ಪಟ್ಟಿ ಹಿಡಿದು ಮಾತ್ರ ಮಾಡಬೇಡಿ, ಕೈ ಹೋಗುತ್ತದೆ.

ಉಳಿದ ತೂತುಗಳಿಗೆ ಮೊದಲು ಸೆಂಟರ್ ಪಂಚ್, ಆಮೇಲೆ 3 ಅಥವಾ 4 ಎಂ.ಎಂ. ಪೈಲಟ್, ಆಮೇಲೆ 6.8. ಕೈಯಲ್ಲಿ ಸಾಣೆ ಹಿಡಿದ ಬಿಟ್ ಆದರೆ ಎರಡು ತುಟಿ (ಕತ್ತರಿಸುವ ಅಂಚು) ಸಮ ಇಲ್ಲದೆ ತೂತು ದೊಡ್ಡದಾಗುತ್ತದೆ. ಒಂದು ಗುಜರಿ ತುಂಡಿನಲ್ಲಿ ಹೊಡೆದು ವರ್ನಿಯರ್ ಹಾಕಿ ನೋಡಿ. ಸ್ಪೀಡ್ ಜಾಸ್ತಿ ಬೇಡ. ಎಂ.ಎಸ್.ನಲ್ಲಿ 6.8ರ ಬಿಟ್ ನಿಮಿಷಕ್ಕೆ ಸಾವಿರದಿಂದ ಸಾವಿರದ ಇನ್ನೂರು ಸುತ್ತು ತಿರುಗಿದರೆ ಸಾಕು. ಕೈ ಡ್ರಿಲ್ ಪೂರ್ತಿ ಒತ್ತಿದರೆ ಅದಕ್ಕಿಂತ ಎಷ್ಟೋ ಹೆಚ್ಚು ಓಡುತ್ತದೆ, ಬಿಟ್ ಸುಟ್ಟು ಹೋಗುತ್ತದೆ. ತೂತು ಆದ ಮೇಲೆ ಎರಡೂ ಬಾಯಿಗೆ ಕೌಂಟರ್‌ಸಿಂಕ್ ಹಾಕಿ ಅಂಚನ್ನು ಇಳಿಜಾರು ಮಾಡಿ, 8ಕ್ಕಿಂತ ಒಂದು ಚೂರು ಅಗಲವಾಗಲಿ. ಇದನ್ನು ಬಿಟ್ಟರೆ ಮೊದಲನೇ ಹಲ್ಲು ಮೇಲಕ್ಕೆ ಉಬ್ಬಿ ಬೇರಿಂಗ್ ಬ್ಲಾಕ್ ಸಮನಾಗಿ ಕೂರುವುದಿಲ್ಲ.

ನೆಟ್ಟಗೆ ಇಳಿಸುವುದಕ್ಕೆ ನಿಮ್ಮ ಸ್ಟ್ಯಾಂಡೇ ಸಾಕು, ಲೇತ್ ಬೇಡ. ತೂತು ಹೊಡೆದ ಮೇಲೆ ಪಟ್ಟಿಯನ್ನು ಅಲುಗಿಸಬೇಡಿ. ಬಿಟ್ ತೆಗೆದು ಅದೇ ಚಕ್ಕಿಗೆ ಟ್ಯಾಪ್ ಕಟ್ಟಿ. ಪ್ಲಗ್ ಕಿತ್ತುಬಿಡಿ, ಸ್ವಿಚ್ ಆಫ್ ಮಾಡಿದರೆ ಸಾಲದು. ಒಂದು ಕೈಯಲ್ಲಿ ಚಕ್ ತಿರುಗಿಸುತ್ತಾ ಇನ್ನೊಂದು ಕೈಯಲ್ಲಿ ಹಿಡಿಯನ್ನು ಮೆಲ್ಲಗೆ ಒತ್ತಿ. ಮೂರು ನಾಲ್ಕು ಹಲ್ಲು ಹಿಡಿದ ಮೇಲೆ ಚಕ್ ಸಡಿಲಿಸಿ, ಹ್ಯಾಂಡಲ್ ಹಾಕಿ ಮುಂದುವರಿಸಿ. ಅಷ್ಟರಲ್ಲಿ ಟ್ಯಾಪ್ ತನ್ನ ದಾರಿ ತಾನೇ ಹಿಡಿದಿರುತ್ತದೆ. ಯಂತ್ರದ ಮೇಲೆಯೇ ಮಾಡಬೇಕಾದ ಕಡೆ 25 ಎಂ.ಎಂ. ದಪ್ಪದ ಕಬ್ಬಿಣದ ತುಂಡಿಗೆ ಸ್ಟ್ಯಾಂಡಿನಲ್ಲಿ ನೆಟ್ಟಗೆ 8ರ ತೂತು ಹೊಡೆದಿಟ್ಟುಕೊಳ್ಳಿ. ಅದನ್ನು ಕೆಲಸದ ಮೇಲೆ ಇಟ್ಟು ಟ್ಯಾಪನ್ನು ಅದರೊಳಗಿಂದ ಇಳಿಸಿದರೆ ವಾಲುವುದಿಲ್ಲ. ಎರಡು ಸುತ್ತು ಆದ ಮೇಲೆ ಮೂಲೆಮಟ್ಟವನ್ನು ಎರಡು ದಿಕ್ಕಿನಲ್ಲಿ ಹಿಡಿದು ನೋಡಿ. ವಾಲಿದ್ದರೆ ಆಗಲೇ ಹೊರತೆಗೆದು ಸರಿಮಾಡಿ. ನಾಲ್ಕೈದು ಹಲ್ಲು ಹೋದ ಮೇಲೆ ನೆಟ್ಟಗೆ ಮಾಡಲು ಹೋದರೆ ಟ್ಯಾಪೇ ಮುರಿಯುತ್ತದೆ.

ಅರ್ಧ ಸುತ್ತು ಮುಂದೆ, ಚಿಪ್ ಮುರಿಯುವ ತನಕ ಹಿಂದೆ. ಚಿಪ್ ಮುರಿದಾಗ ಒಂದು ಸಣ್ಣ ಚಟಕ್ ಕೈಗೆ ಸಿಗುತ್ತದೆ. ಅದು ಸಿಕ್ಕಿದ ಮೇಲೆ ಮುಂದೆ ಹೋಗಿ. ಸಾಮಾನ್ಯವಾಗಿ ಕಾಲು ಸುತ್ತು ಹಿಂದೆ ಬಂದರೆ ಸಿಗುತ್ತದೆ. ಹ್ಯಾಂಡಲ್ ಉದ್ದದ್ದು ಬೇಡ. ಉದ್ದ ಹಿಡಿಯಲ್ಲಿ ಟ್ಯಾಪಿನ ಕಷ್ಟ ಕೈಗೆ ತಿಳಿಯುವುದಿಲ್ಲ. ಎಂ5ಕ್ಕಿಂತ ಸಣ್ಣದಕ್ಕೆ ಟಿ ಹಿಡಿಯೇ ಬೇಕು.

ಮೂರು ಟ್ಯಾಪಿನ ಸೆಟ್ಟಿನಲ್ಲಿ ಒಂದು ಮಾತು. ಕಾಂಡದ ಮೇಲೆ ಉಂಗುರದ ಗೆರೆ ಇದೆಯಾ ನೋಡಿ. ಒಂದು ಗೆರೆ ಇದ್ದರೆ ಮೊದಲನೆಯದು, ಎರಡು ಇದ್ದರೆ ಎರಡನೆಯದು, ಗೆರೆ ಇಲ್ಲದ್ದು ಕೊನೆಯದು. ಈ ಥರದ ಸೆಟ್ಟಿನಲ್ಲಿ ಮೊದಲೆರಡು ಟ್ಯಾಪ್ ಪೂರ್ತಿ ಅಳತೆಗೆ ಕತ್ತರಿಸುವುದಿಲ್ಲ. ತೂತು ಆಚೆಗೆ ತೂರಿದ್ದರೂ ಮೂರನ್ನೂ ಹಾಕಲೇಬೇಕು, ಇಲ್ಲದಿದ್ದರೆ ಬೋಲ್ಟ್ ಹೋಗುವುದಿಲ್ಲ. ಗೆರೆ ಇಲ್ಲದೆ ತುದಿಯ ಇಳಿಜಾರಿನಲ್ಲಿ ಮಾತ್ರ ವ್ಯತ್ಯಾಸ ಇರುವ ಸೆಟ್ ಆದರೆ, ತೂರಿದ ತೂತಿಗೆ ಮೊದಲನೆಯದು ಪೂರ್ತಿ ಇಳಿದರೆ ಕೆಲಸ ಮುಗಿದಂತೆ.

ಎಣ್ಣೆಗೆ ಬದಿಯಡ್ಕದವರು ಹೇಳಿದ ತೆಂಗಿನೆಣ್ಣೆ ನಿಜವಾಗಿಯೂ ಒಳ್ಳೆಯದು. ಕೊಬ್ಬಿನಂಶ ಇರುವ ಎಣ್ಣೆ ಹಲ್ಲಿಗೆ ಅಂಟಿಕೊಂಡು ಜಾರಿಸುತ್ತದೆ. ಕೆಲಸ ಆದ ಮೇಲೆ ತೊಳೆದುಬಿಡಿ, ಇಲ್ಲದಿದ್ದರೆ ಅಂಟಾಗುತ್ತದೆ. ಕಟಿಂಗ್ ಆಯಿಲ್ ಸಿಕ್ಕಿದರೆ ಇನ್ನೂ ಒಳ್ಳೆಯದು. ಗಾಡಿಯಿಂದ ತೆಗೆದ ಕರಿ ಆಯಿಲ್ ಬೇಡ, ಅದರಲ್ಲಿ ಮಸಿ ಮತ್ತು ಲೋಹದ ಪುಡಿ ಇರುತ್ತದೆ.

ಬದಿಯಡ್ಕ ಗ್ಯಾರೇಜ್:

ಅಣ್ಣ, ಇಂಚಿನ ಅಳತೆ ಎಂದು ಈಗ ಗೊತ್ತಾಯಿತು. ನಮ್ಮಲ್ಲಿ ಹಳೆಯ ಡೀಸೆಲ್ ಪಂಪುಗಳೇ ಹೆಚ್ಚು ಬರುತ್ತಿದ್ದವು. ಪಿಚ್ ಗೇಜ್ ಇಲ್ಲದಿದ್ದರೆ ಕಂಡುಹಿಡಿಯುವುದು ಹೇಗೆ?

ಹೊಸೂರು ಫಿಟ್ಟರ್:

ಗೊತ್ತಿರುವ ಹೊಸ ಎಂ8 ಬೋಲ್ಟ್ ಒಂದನ್ನು ಅದರ ಪಕ್ಕಕ್ಕೆ ಒತ್ತಿ ಹಿಡಿದು ಬೆಳಕಿಗೆ ನೋಡಿ. ಹಲ್ಲಿಗೆ ಹಲ್ಲು ಕೂತು ನಡುವೆ ಬೆಳಕು ಕಾಣದಿದ್ದರೆ ಒಂದೇ ಪಿಚ್. 5/16 ಆದರೆ ಕೆಲವೇ ಹಲ್ಲಿನಲ್ಲಿ ಒಂದರ ಮೇಲೊಂದು ಹತ್ತುತ್ತದೆ. ಬೋಲ್ಟ್ ಉದ್ದ ಇದ್ದರೆ 25.4 ಎಂ.ಎಂ. ಗುರುತು ಹಾಕಿ ಹಲ್ಲು ಎಣಿಸಿದರೂ ಆಯಿತು. ಆದರೆ ಕಾಲು ಇಂಚು, 5/16, ಮೂರು ನೂಲು ಇವುಗಳಲ್ಲಿ ಎಣಿಕೆ ಒಂದನ್ನೇ ನಂಬಬೇಡಿ. ವಿಟ್‌ವರ್ತ್‌ಗೂ ಅಮೆರಿಕದ ಯುಎನ್‌ಸಿಗೂ ಅಲ್ಲಿ ಇಂಚಿಗೆ ಹಲ್ಲಿನ ಎಣಿಕೆ ಒಂದೇ. ವ್ಯತ್ಯಾಸ ಇರುವುದು ಕೋನದಲ್ಲಿ.

ಪೆರ್ಲದ ತೋಟದವ:

ತುಂಬಾ ಉಪಕಾರವಾಯಿತು ಅಣ್ಣ. ಟ್ಯಾಪ್ ನೀವು ಹೇಳಿದ ಹಾಗೆ ಹಿಂದೆ ಮುಂದೆ ಮಾಡಿ ಹೊರಬಂತು. ಪೆಟ್ಟಿಗೆಯಲ್ಲಿದ್ದ 7ರಲ್ಲೇ ದೊಡ್ಡದು ಮಾಡಿದೆ. ಸ್ಟ್ಯಾಂಡಿನ ಚಕ್ಕಿಗೆ ಕಟ್ಟಿ ಇಳಿಸಿದ್ದು ದೊಡ್ಡ ಉಪಾಯ ಮಾರಾಯ್ರೆ, ಟ್ಯಾಪ್ ಎಲ್ಲೂ ಕಚ್ಚಲಿಲ್ಲ. ಬೋಲ್ಟ್ ಬಿಗಿ ಮಾಡಿ ನೋಡಿದೆ, ಗಟ್ಟಿ ಕೂತಿದೆ. ಉಳಿದವಕ್ಕೆ 6.8 ತರಿಸಿಕೊಳ್ಳುತ್ತೇನೆ.

ಇನ್ನೆರಡು ಕೆಲಸ ಬಾಕಿ ಇದೆ. ಒಂದು, ಅದೇ ಯಂತ್ರದ ಬೀಡಿನ ಪುಲ್ಲಿ. ಪುಲ್ಲಿ ಶಾಫ್ಟಿನ ಮೇಲೆ ಜಾರದಂತೆ ಹಾಕುವ ಕೀಲಿಯ ಮೇಲೆ ಬರುವ ಗ್ರಬ್ ಸ್ಕ್ರೂ (ತಲೆ ಇಲ್ಲದ ಸ್ಕ್ರೂ) ತೂತಿನ ಥ್ರೆಡ್ ಪುಡಿಯಾಗಿದೆ. ಇನ್ನೊಂದು, ಬೋರ್ಡೋ (ಮೈಲುತುತ್ತು, ಸುಣ್ಣದ ಮದ್ದು) ಹೊಡೆಯುವ ಎಚ್‌ಟಿಪಿ ಪಂಪ್. ಅದರ ಅಲ್ಯುಮಿನಿಯಂ ಬಾಡಿಯಲ್ಲಿ ಒಂದು ಎಂ6 ಬೋಲ್ಟಿನ ಥ್ರೆಡ್ ಬೋಲ್ಟಿನ ಜೊತೆಗೇ ಕಿತ್ತು ಬಂದಿದೆ. ಮಳೆಗಾಲಕ್ಕೆ ಮೊದಲು ಕೊಳೆರೋಗದ ಮದ್ದು ಹೊಡೆದಾಗಬೇಕು, ಹಾಗಾಗಿ ಪಂಪ್ ಮೊದಲು ಸರಿಯಾಗಬೇಕು.

ಶಿರೋಳಿ ಮಷಿನ್ ಶಾಪ್:

ಬೀಡಿನ ಬಗ್ಗೆ ನಾನು ಹೇಳ್ತೀನಿ ನೋಡ್ರಿ. ಕೊಲ್ಹಾಪುರದ ಶಿರೋಳಿ ಎಂಐಡಿಸಿಯಲ್ಲಿ ಫೌಂಡ್ರಿ ಮಾಲಿಗೆ ತೂತು, ಟ್ಯಾಪ್ ಹಾಕುವುದೇ ನಮ್ಮ ಕೆಲಸ. ಬೀಡು ಅಂದರೆ ಕಾಸ್ಟ್ ಐರನ್. ಅದಕ್ಕೆ ಎಣ್ಣೆ ಹಾಕಬೇಡಿ, ಒಣಗಿದ್ದೇ ಟ್ಯಾಪ್ ಮಾಡಿ. ಅದರೊಳಗೆ ಗ್ರಾಫೈಟ್ ಇರುತ್ತದೆ, ಜಾರಿಸುವ ಕೆಲಸ ಅದೇ ಮಾಡುತ್ತದೆ. ಎಣ್ಣೆ ಹಾಕಿದರೆ ಪುಡಿ ಕೂಡಿ ಕೆಸರಾಗಿ ಟ್ಯಾಪಿನ ತೋಡಿನಲ್ಲಿ ತುಂಬಿಕೊಳ್ಳುತ್ತದೆ. ಉದ್ದ ಚಿಪ್ ಬರುವುದಿಲ್ಲ, ಬರೀ ಪುಡಿ. ಆಗಾಗ ಟ್ಯಾಪ್ ಹೊರಗೆ ತೆಗೆದು ಬ್ರಷ್‌ನಿಂದ ಒರೆಸಿರಿ. ಬಾಯಿಂದ ಊದಬೇಡಿ, ಪುಡಿ ನೆಟ್ಟಗೆ ಕಣ್ಣಿಗೇ ಬರುತ್ತದೆ. ಕನ್ನಡಕ ಹಾಕಿಕೊಳ್ಳಿ.

ಎರಕದ ಮೇಲ್ಪದರ ಗಟ್ಟಿ ಇರುತ್ತದೆ, ಮರಳೂ ಹಿಡಿದಿರುತ್ತದೆ. ಹೊಸ ತೂತು ಹಾಕುವುದಾದರೆ ಆ ಜಾಗವನ್ನು ಮೊದಲು ಗ್ರೈಂಡರ್‌ನಿಂದ ಸ್ವಲ್ಪ ಬಿಳಿ ಮಾಡಿಕೊಂಡು ಡ್ರಿಲ್ ಮಾಡ್ರಿ. ಬೀಡು ಒಡಕು ಲೋಹ. ಥ್ರೆಡ್ ಆಳ ಬೋಲ್ಟಿನ ಒಂದೂವರೆ ಪಟ್ಟು ಇದ್ದರೆ ನಿಶ್ಚಿಂತೆ.

ಪುಡಿಯಾದ ಥ್ರೆಡ್ ಮೇಲೆ ಮತ್ತೆ ಅದೇ ಟ್ಯಾಪ್ ಓಡಿಸಿ ಪ್ರಯೋಜನ ಇಲ್ಲ. ಈಗ ಎಂ8 ಇದ್ದರೆ 8.5 ಹೊಡೆದು ಎಂ10 ಮಾಡಿಬಿಡ್ರಿ. ಆದರೆ ಪುಲ್ಲಿಯ ಹಬ್ಬಿನಲ್ಲಿ (ಶಾಫ್ಟ್ ಹಿಡಿಯುವ ನಡುವಿನ ದಪ್ಪ ಭಾಗ) ಅಷ್ಟು ಮಾಂಸ ಇದೆಯೇ ಮೊದಲು ನೋಡಿ. ಹಬ್ಬಿನ ಅಂಚಿಗೆ ತೀರಾ ಹತ್ತಿರ ಇದ್ದರೆ ಗ್ರಬ್ ಸ್ಕ್ರೂ ಬಿಗಿ ಮಾಡಿದಾಗ ಬಿರುಕು ಬಿಡುತ್ತದೆ. ಅಂಥಲ್ಲಿ ಹಳೆಯ ತೂತು ಬಿಟ್ಟು 90 ಡಿಗ್ರಿ ತಿರುಗಿಸಿ ಹಬ್ಬಿನ ಬೇರೆ ಕಡೆ ಹೊಸ ತೂತು ಹಾಕುವುದು ಲೇಸು. ಕೀಲಿಯ ಮೇಲೆ ಬರದಿದ್ದರೆ ಶಾಫ್ಟಿನಲ್ಲಿ ಗ್ರಬ್ ಸ್ಕ್ರೂ ಕೂರಲು ಸಣ್ಣ ಗುಳಿ ಮಾಡಿಕೊಳ್ಳಬೇಕಾಗುತ್ತದೆ. ಪುಲ್ಲಿ ಶಾಫ್ಟಿನ ಮೇಲೆ ಇದ್ದಾಗಲೇ ಟ್ಯಾಪ್ ಮಾಡಬೇಡಿ. ಹೊರಗೆ ತೆಗೆದೇ ಮಾಡಿ, ಟ್ಯಾಪ್ ತುದಿ ಕೀಲಿಗೆ ತಾಗಿದರೆ ಮುರಿಯುತ್ತದೆ.

ಹೊಸೂರು ಫಿಟ್ಟರ್:

ಶಿರೋಳಿಯವರು ಹೇಳಿದ್ದರಲ್ಲಿ ನಾನು ಸೇರಿಸುವುದೇನೂ ಇಲ್ಲ. ಪಂಪಿಗೆ ಬರುತ್ತೇನೆ.

ಅಲ್ಯುಮಿನಿಯಂ ಮೈಲುತುತ್ತಿಗೆ ತಾಳುವುದಿಲ್ಲ. ಬೋರ್ಡೋ ದ್ರಾವಣದಲ್ಲಿ ಸುಣ್ಣ ಇದ್ದರೂ ಜಿನುಗಿದ ಕಡೆ ತಾಮ್ರ ಅಲ್ಯುಮಿನಿಯಂ ಮೇಲೆ ಕೂತು ತಿನ್ನುತ್ತಾ ಹೋಗುತ್ತದೆ. ನಿಮ್ಮ ಬೋಲ್ಟಿನ ಜೊತೆ ಥ್ರೆಡ್ ಕಿತ್ತು ಬಂದದ್ದು ಅದರಿಂದಲೇ ಇರಬೇಕು. ಕಿತ್ತು ಬಂದ ಬೋಲ್ಟಿನ ಹಲ್ಲಿನಲ್ಲಿ ಬಿಳಿ ಪುಡಿ ಅಂಟಿದೆಯಾ ನೋಡಿ. ಇದ್ದರೆ ಉಳಿದ ಬೋಲ್ಟುಗಳ ಥ್ರೆಡ್ಡೂ ಅದೇ ದಾರಿಯಲ್ಲಿದೆ. ಅವನ್ನು ಬಿಚ್ಚುವಾಗ ಸ್ವಲ್ಪ ಬಿಸಿ ಮಾಡಿ, ಎಣ್ಣೆ ಬಿಟ್ಟು, ಮುಂದೆ ಹಿಂದೆ ಮಾಡುತ್ತಾ ಬಿಚ್ಚಿ.

ಆ ಜಾಗದ ಗೋಡೆ ದಪ್ಪ ಇದ್ದು, ಮೇಲಿನ ಮುಚ್ಚಳದ ತೂತನ್ನೂ ದೊಡ್ಡದು ಮಾಡಬಹುದಾದರೆ ಎಂ8ಕ್ಕೆ ಏರಿಸಿ. ಕಿತ್ತ ಎಂ6 ತೂತಿಗೆ 6.8ರ ಬಿಟ್ ಓಡಿಸಿದರೆ ತೂತು ತಯಾರು. ಗೋಡೆ ತೆಳು ಇದ್ದರೆ ಹೆಲಿಕಾಯಿಲ್ ಹಾಕಿ. ಅದು ಸ್ಟೇನ್‌ಲೆಸ್ ತಂತಿಯ ಸುರುಳಿ. ಎಂ6 ಹೆಲಿಕಾಯಿಲ್‌ಗೆ 6.3ರ ತೂತು ಹೊಡೆದು, ಆ ಸೆಟ್ಟಿನ ಜೊತೆ ಬರುವ ಅದರದ್ದೇ ಟ್ಯಾಪ್ ಹಾಕಬೇಕು. ಮಾಮೂಲಿ ಟ್ಯಾಪ್ ಆಗುವುದಿಲ್ಲ. ಸುರುಳಿ ಮೇಲ್ಮೈಯಿಂದ ಅರ್ಧದಿಂದ ಒಂದು ಸುತ್ತು ಕೆಳಗೆ ಕೂರಬೇಕು. ಆಮೇಲೆ ತುದಿಯ ಬಾಲ ಮುರಿದು ಹೊರತೆಗೆಯಿರಿ. ಪಂಪಿನೊಳಗೆ ಬಿದ್ದರೆ ಗೇರು, ಬೇರಿಂಗ್ ಹಾಳು. ಎಂ8 ಹೆಲಿಕಾಯಿಲ್ ಆದರೆ 8.4. ನನ್ನ ಅಭಿಪ್ರಾಯದಲ್ಲಿ ಅಲ್ಯುಮಿನಿಯಂನಲ್ಲಿ ಮೊದಲಿದ್ದ ಥ್ರೆಡ್‌ಗಿಂತ ಹೆಲಿಕಾಯಿಲ್ ಹಾಕಿದ್ದೇ ಗಟ್ಟಿ. ಪದೇ ಪದೇ ಬಿಚ್ಚುವ ಮುಚ್ಚಳವಾದರೆ ಕೆಡುವ ಮೊದಲೇ ಹಾಕಿಸುವುದು ಒಳ್ಳೆಯದು.

ಅಲ್ಯುಮಿನಿಯಂನಲ್ಲಿ ಟ್ಯಾಪ್ ಮಾಡುವಾಗ ಸೀಮೆಎಣ್ಣೆ ಹಾಕಿ. ಸಿಗದಿದ್ದರೆ ಡೀಸೆಲ್. ಒಣಗಿದ್ದೇ ಮಾಡಿದರೆ ಲೋಹ ಟ್ಯಾಪಿಗೆ ಅಂಟಿ ಹಲ್ಲನ್ನೆಲ್ಲ ಹರಿದುಹಾಕುತ್ತದೆ. ಥ್ರೆಡ್ ಆಳ ಬೋಲ್ಟಿನ ಎರಡು ಪಟ್ಟು ಇದ್ದರೆ ಒಳ್ಳೆಯದು. ಪಂಪಿನ ಬಾಡಿಯ ತೂತಿಗೆ ತಳ ಇರುತ್ತದೆ, ಆಚೆಗೆ ತೂರಿರುವುದಿಲ್ಲ. ಆದ್ದರಿಂದ ಬಿಟ್ ಮೇಲೆ ಟೇಪ್ ಸುತ್ತಿ ಆಳದ ಗುರುತು ಮಾಡಿಕೊಳ್ಳಿ. ಥ್ರೆಡ್ ಬೇಕಾದ ಆಳಕ್ಕಿಂತ ನಾಲ್ಕೈದು ಹಲ್ಲಿನಷ್ಟು ಕೆಳಗೆ ತೂತು ಹೋಗಬೇಕು, ಟ್ಯಾಪಿನ ತುದಿಗೂ ಚಿಪ್ಪಿಗೂ ಜಾಗ ಅಲ್ಲಿ. ಗೋಡೆ ಎಷ್ಟು ದಪ್ಪ ಎಂದು ನೋಡದೆ ಆಳ ಮಾಡಬೇಡಿ, ಆಯಿಲ್ ಚೇಂಬರಿಗೆ ತೂರಿಬಿಡುತ್ತದೆ. ಮೊದಲನೇ ಟ್ಯಾಪ್, ಎರಡನೆಯದು, ಕೊನೆಗೆ ಬಾಟಮಿಂಗ್ ಟ್ಯಾಪ್ (ತಳದ ತನಕ ಹಲ್ಲು ಕತ್ತರಿಸುವುದು). ನಡುನಡುವೆ ಹೊರತೆಗೆದು ಚಿಪ್ ಖಾಲಿ ಮಾಡಿ. ತಳ ತಾಗಿದ್ದು ಕೈಗೆ ಒಮ್ಮೆಲೇ ಗೊತ್ತಾಗುತ್ತದೆ. ಅಲ್ಲಿಂದ ಮುಂದೆ ಒಂದು ಎಳೆಯಷ್ಟೂ ತಿರುಗಿಸಬೇಡಿ.

ಅಲ್ಯುಮಿನಿಯಂನಲ್ಲಿ ಟ್ಯಾಪ್ ಮುರಿದು ಉಳಿದರೂ ದಾರಿ ಇದೆ. ಪಟಿಕದ ದ್ರಾವಣವನ್ನು ಬಿಸಿಯಾಗಿಟ್ಟು ಆ ಭಾಗವನ್ನು ಮುಳುಗಿಸಿಟ್ಟರೆ ಉಕ್ಕಿನ ಟ್ಯಾಪ್ ನಿಧಾನಕ್ಕೆ ಕರಗುತ್ತದೆ, ಅಲ್ಯುಮಿನಿಯಂಗೆ ಏನೂ ಆಗುವುದಿಲ್ಲ. ಗಂಟೆಗಟ್ಟಲೆ ಬೇಕು, ಒಮ್ಮೊಮ್ಮೆ ಇಡೀ ದಿನ. ಬಾಡಿಯೊಳಗಿನ ಉಕ್ಕಿನ ಬೇರಿಂಗ್, ಪಿನ್ನು, ಎಲ್ಲ ಬಿಚ್ಚಿ ತೆಗೆದ ಮೇಲೆಯೇ ಇದನ್ನು ಮಾಡಬೇಕು, ಇಲ್ಲದಿದ್ದರೆ ಅವೂ ಕರಗುತ್ತವೆ. ಕಬ್ಬಿಣದ ಪಾತ್ರೆಯಲ್ಲಂತೂ ಮಾಡಬೇಡಿ. ಕಬ್ಬಿಣದ ಕೆಲಸದಲ್ಲಿ ಮುರಿದರೆ ಈ ಉಪಾಯ ನಡೆಯುವುದಿಲ್ಲ. ಅದಕ್ಕೆ ಸ್ಪಾರ್ಕ್ ಇರೋಷನ್ (ವಿದ್ಯುತ್ ಕಿಡಿಯಿಂದ ಲೋಹ ಸವೆಸುವ) ಮಷಿನ್ ಇರುವ ಶಾಪಿಗೆ ಕೊಡಬೇಕು. ಎಚ್.ಎಸ್.ಎಸ್. ಟ್ಯಾಪನ್ನು ಡ್ರಿಲ್ ಹಾಕಿ ತೆಗೆಯಲು ಹೋದರೆ ಬಿಟ್ ಮಾತ್ರ ಹಾಳಾಗುತ್ತದೆ.

ಬೋಲ್ಟ್ ಕೂರಿಸುವಾಗ ಹಲ್ಲಿಗೆ ಗ್ರೀಸ್ ಅಥವಾ ಆ್ಯಂಟಿಸೀಜ್ (ಹಲ್ಲು ಕಚ್ಚಿಕೊಳ್ಳದಂತೆ ಹಚ್ಚುವ ಪೇಸ್ಟ್) ತಪ್ಪದೆ ಹಚ್ಚಿ. ಸ್ಟೇನ್‌ಲೆಸ್ ಬೋಲ್ಟ್ ಹಾಕುವವರಾದರೆ ಇನ್ನೂ ಮುಖ್ಯ. ಸ್ಟೇನ್‌ಲೆಸ್‌ಗೆ ತುಕ್ಕು ಬರದಿದ್ದರೂ ಒದ್ದೆಯಲ್ಲಿ ಅದು ಪಕ್ಕದ ಅಲ್ಯುಮಿನಿಯಂ ಅನ್ನು ತಿನ್ನಿಸುತ್ತದೆ. ನಿಮ್ಮ ಕಡೆಯ ಮಳೆಗೆ ಮತ್ತು ಮೈಲುತುತ್ತಿಗೆ ಗ್ರೀಸ್ ಒಂದೇ ಅಡ್ಡಗೋಡೆ. ಮದ್ದು ಹೊಡೆದು ಮುಗಿದ ದಿನವೇ ಪಂಪಿನೊಳಗೆ ಒಳ್ಳೆಯ ನೀರು ಓಡಿಸಿ ಹೊರಗೂ ತೊಳೆಯಿರಿ.

ಪೆರ್ಲದ ತೋಟದವ:

ಬಿಳಿ ಪುಡಿ ಇತ್ತು ಅಣ್ಣ, ನೀವು ಹೇಳಿದ ಹಾಗೆಯೇ. ಗೋಡೆ ತೆಳುವಾಗಿದೆ. ಹೆಲಿಕಾಯಿಲ್ ಸೆಟ್‌ಗೆ ಮಂಗಳೂರಿನಲ್ಲಿ ಹೇಳಿದ್ದೇನೆ, 6.3ರ ಬಿಟ್ ಅದರ ಜೊತೆಗೇ ಬರುತ್ತದಂತೆ. 3.3, 4.2, 6.8, 10.2 ಬಿಟ್ಟುಗಳನ್ನೂ ಬರೆಸಿದ್ದೇನೆ. ಪುಲ್ಲಿಯ ಹಬ್ ಅಳೆದು ನೋಡಿದೆ, ಎಂ10ಕ್ಕೆ ಜಾಗ ಸಾಕಷ್ಟಿದೆ. ಅದನ್ನು ನಾಳೆ ಒಣಗಿದ್ದೇ ಟ್ಯಾಪ್ ಮಾಡುತ್ತೇನೆ.